ಬ್ರೇಕ್ ಸರಿ ಇತ್ತು, ಟೈರ್ ತಪ್ಪಾಗಿತ್ತು

ಕಳೆದ ಮಳೆಗಾಲದಲ್ಲಿ ನೆಲಮಂಗಲದ ಹತ್ತಿರ ಒಂದು ಗೋದಾಮಿಗೆ ಎರಡು ವಾರ ಕೆಲಸ ಕಲಿಯೋಕೆ ಹೋಗಿದ್ದೆ. ಒಂದು ಬೆಳಿಗ್ಗೆ ಲಾರಿ ನಿಲ್ಲೋ ಜಾಗದಲ್ಲಿ ನೆಲ ಒದ್ದೆಯಾಗಿತ್ತು. ಸಾಮಾನು ಹೇರಿದ್ದ ಎಲೆಕ್ಟ್ರಿಕ್ ಪ್ಯಾಲೆಟ್ ಟ್ರಕ್ ಬ್ರೇಕ್ ಹಾಕಿದ ಮೇಲೂ ಜಾರಿಕೊಂಡು ಹೋಗಿ ಪೆಟ್ಟಿಗೆಗಳ ರಾಶಿಗೆ ಗುದ್ದಿತು. ನಡೆಸುತ್ತಿದ್ದ ಅಣ್ಣ ಪಕ್ಕಕ್ಕೆ ಹಾರಿದ್ದರಿಂದ ಅವರ ಕಾಲು ಉಳಿಯಿತು. ಬ್ರೇಕ್ ಬಿಚ್ಚಿ ನೋಡಿದ್ರೆ ಸರಿಯಾಗೇ ಇತ್ತು. ತಪ್ಪಿದ್ದದ್ದು ಹಿಂದಿನ ವಾರ ಬದಲಾಯಿಸಿದ್ದ ಟೈರಿನಲ್ಲಿ.

ಮೊದಲು ಗಾಡಿಯನ್ನ ಅರ್ಥ ಮಾಡ್ಕೊಳ್ಳೋಣ. ಫೋರ್ಕಿನ ತುದಿಯಲ್ಲಿರೋ ಸಣ್ಣ ಚಕ್ರಗಳು ಭಾರ ಹೊರುತ್ತವೆ, ಅಷ್ಟೇ. ಹಿಡಿಕೆಯ ಕಡೆ ಇರೋ ಒಂದು ಡ್ರೈವ್ ಚಕ್ರಕ್ಕೆ ಮಾತ್ರ ಮೋಟಾರ್ ಇರುತ್ತೆ. ಎಳೆಯೋದೂ ಅದೇ, ತಿರುಗಿಸೋದೂ ಅದೇ, ನಿಲ್ಲಿಸೋದೂ ಅದೇ. ಬ್ರೇಕ್ ಚಕ್ರವನ್ನ ಹಿಡಿದು ನಿಲ್ಲಿಸಬಹುದು. ಆದ್ರೆ ಗಾಡಿಯನ್ನ ನಿಲ್ಲಿಸೋದು ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ.

ಫಸ್ಟ್ ಇಯರ್ ಸೂತ್ರ ನೆನಪಿದೆಯಲ್ವಾ? ಘರ್ಷಣೆಯ ಮಿತಿ ಅಂದ್ರೆ ಮ್ಯೂ ಗುಣಿಸು ಎನ್. ಸಾಮಾನು ಹೇರಿದಾಗ ಅದರ ಹೆಚ್ಚಿನ ಪಾಲು ಫೋರ್ಕ್ ತುದಿಯ ಚಕ್ರಗಳ ಮೇಲೆ ಬೀಳುತ್ತೆ. ಅಂದ್ರೆ ನಿಲ್ಲಿಸಬೇಕಾದ ದ್ರವ್ಯರಾಶಿ ತುಂಬಾ ಜಾಸ್ತಿಯಾಗುತ್ತೆ, ಡ್ರೈವ್ ಚಕ್ರದ ಮೇಲಿನ ಎನ್ ಅದೇ ಪ್ರಮಾಣದಲ್ಲಿ ಏರಲ್ಲ. ಉಳಿದಿದ್ದು ಮ್ಯೂ. ಅದನ್ನ ನಿರ್ಧರಿಸೋದು ಟೈರಿನ ವಸ್ತು ಮತ್ತು ನೆಲ.

ಆ ಗಾಡಿಗೆ ಮೊದಲು ರಬ್ಬರ್ ಟೈರ್ ಇತ್ತು. 'ಜಾಸ್ತಿ ಬಾಳಿಕೆ ಬರುತ್ತೆ' ಅಂತ ಪಾಲಿಯುರೆಥೇನ್ ಹಾಕಿಸಿದ್ದರು. ಆ ಮಾತೇನೂ ಸುಳ್ಳಲ್ಲ. ಪಾಲಿಯುರೆಥೇನ್ ನಿಧಾನವಾಗಿ ಸವೆಯುತ್ತೆ, ಹೆಚ್ಚು ಭಾರ ತಡೆಯುತ್ತೆ, ಸುಲಭವಾಗಿ ಉರುಳೋದರಿಂದ ಬ್ಯಾಟರಿಯೂ ಉಳಿಯುತ್ತೆ. ಒಣಗಿದ, ನಯವಾದ ನೆಲಕ್ಕೆ ಅದೇ ಒಳ್ಳೇದು. ಆದ್ರೆ ಒದ್ದೆ ನೆಲದಲ್ಲಿ ಮೆತ್ತಗಿನ ರಬ್ಬರ್ ನೆಲದ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಚೆನ್ನಾಗಿ ಹಿಡಿಯುತ್ತೆ. ನೆಲದ ಸಂದುಗಳಲ್ಲಿ ಆಗೋ ಹೊಡೆತವನ್ನೂ ತಾನೇ ನುಂಗುತ್ತೆ. ಕಪ್ಪು ಗೆರೆ ಬೀಳುತ್ತೆ ಅನ್ನೋದು ಅದರ ಒಂದು ತೊಂದರೆ. ಅದಕ್ಕೆ ಗುರುತು ಬೀಳದ ರಬ್ಬರೂ ಸಿಗುತ್ತೆ.

ಸವೆದ ಟೈರನ್ನ ಹಾಗೇ ಓಡಿಸೋದೂ ಅಪಾಯ. 230 ಮಿಲಿಮೀಟರ್ ವ್ಯಾಸದ ಚಕ್ರ 210ಕ್ಕೆ ಬಂದ್ರೆ ಆ ಕಡೆ ಗಾಡಿ 10 ಮಿಲಿಮೀಟರ್ ಕೆಳಗಿಳಿಯುತ್ತೆ. ಆಗ ಪಕ್ಕದ ಆಧಾರದ ಚಕ್ರಗಳು ಭಾರ ಹಂಚಿಕೊಳ್ಳೋಕೆ ಶುರು ಮಾಡ್ತವೆ, ಡ್ರೈವ್ ಚಕ್ರದ ಎನ್ ಕಮ್ಮಿಯಾಗುತ್ತೆ. ಟೈರ್ ಎಷ್ಟೇ ಒಳ್ಳೇದಿದ್ರೂ ಜಾರುತ್ತೆ.

ಕೆಲವು ಗಾಡಿಗಳಲ್ಲಿ ಬೋಲ್ಟ್ ಬಿಚ್ಚಿ ಇಡೀ ಚಕ್ರವನ್ನೇ ಬದಲಾಯಿಸ್ತಾರೆ. ಇನ್ನು ಕೆಲವದರಲ್ಲಿ ರಬ್ಬರನ್ನ ಉಕ್ಕಿನ ಪಟ್ಟಿಗೆ ಅಂಟಿಸಿರ್ತಾರೆ. ಆ ಪಟ್ಟಿಯನ್ನ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಬ್‌ಗೆ ಒತ್ತಿ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸೋ ಕೆಲಸ ಅಲ್ಲ.

ಹಾಗಾಗಿ ಆರ್ಡರ್ ಮಾಡೋ ಮುಂಚೆ ಅಳತೆಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ನೆಲ ಒದ್ದೆಯಾಗುತ್ತಾ? ಇಳಿಜಾರು ಇದೆಯಾ? ಆ ಗೋದಾಮಲ್ಲಿ ಮತ್ತೆ ರಬ್ಬರ್ ಹಾಕಿಸಿದ್ರು. ಅಣ್ಣ ಮೊದಲು ಖಾಲಿ ಗಾಡಿಯನ್ನ, ಆಮೇಲೆ ಹೇರಿದ ಗಾಡಿಯನ್ನ ಅದೇ ಒದ್ದೆ ನೆಲದ ಮೇಲೆ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿ ನೋಡಿದ್ರು. ನಿಂತಿತು. ಆಮೇಲೇ ಅವರು ಕೆಲಸ ಶುರು ಮಾಡಿದ್ದು.