ಹೊಂಗೆ ಹೂವಿನ ಲೆಕ್ಕ

ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಆರೂವರೆಗೆ ಒಬ್ಬ ತಾಯಿ, ಮಗ ಬರುತ್ತಾರೆ. ಮಗನಿಗೆ ಇಪ್ಪತ್ತೆಂಟು ವರ್ಷ. ಡೌನ್ ಸಿಂಡ್ರೋಮ್ ಇದೆ. ಒಂದೊಂದು ಸುತ್ತು ಮುಗಿದಾಗಲೂ ಉದುರಿದ ಹೊಂಗೆ ಹೂವೊಂದನ್ನು ಹೆಕ್ಕಿ ಅಮ್ಮ ಕೂತ ಕಲ್ಲುಬೆಂಚಿನ ಮೇಲೆ ಇಡುತ್ತಾನೆ. ಹೂವಿಲ್ಲದ ಕಾಲದಲ್ಲಿ ಎಲೆ. ಬಾಯಿಲೆಕ್ಕ ತಪ್ಪುತ್ತದೆ, ಈ ಲೆಕ್ಕ ತಪ್ಪುವುದಿಲ್ಲ. ಮೂರನೇ ಹೂವಿನ ಹೊತ್ತಿಗೆ ಏದುಸಿರು. ಆಗ ಪಕ್ಕದ ಬೆಂಚಿನಿಂದ ಯಾರಾದರೂ ಹೇಳಿಯೇ ಹೇಳುತ್ತಾರೆ: "ಪಾಪ, ಸುಸ್ತಾಗಿದಾನೆ, ಕೂರಿಸಿಬಿಡ್ರಮ್ಮ."

ಈ 'ಪಾಪ'ದಿಂದಲೇ ಇವರಿಗೆ ಹೆಚ್ಚು ತೊಂದರೆ ಎಂದು ನನಗೆ ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ಫಿಸಿಯೋಥೆರಪಿಗೆಂದು ಊರೂರು ಅಲೆದ ಮನೆಯವರೂ ಶಾಲೆ ಮುಗಿದ ಮೇಲೆ ಮಗನನ್ನು ಟಿವಿ ಮುಂದೆ ಕೂರಿಸಿ ಸುಮ್ಮನಾಗುತ್ತಾರೆ. ಮುಂದಿನ ದಾರಿ ಮಾತ್ರ ಉದ್ದವಿದೆ. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯಸ್ಸು 25 ವರ್ಷ. ಈಗ 60ರ ಆಸುಪಾಸು. ಮಗನಿಗೆ ನಲವತ್ತಾಗುವಾಗ ಎಪ್ಪತ್ತು ದಾಟಿದ ಅಮ್ಮನಿಗೆ ಅವನನ್ನು ಕೈಹಿಡಿದು ಎಬ್ಬಿಸಲಾದೀತೆ?

ಸುಸ್ತು ಸುಳ್ಳಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಇಪ್ಪತ್ತೊಂದನೇ ಕ್ರೋಮೋಸೋಮ್ ಎರಡಿರಬೇಕಾದ ಕಡೆ ಮೂರಿರುವುದನ್ನು ಫ್ರಾನ್ಸಿನ ಜೆರೋಮ್ ಲೆಜೂನ್ ತಂಡ 1959ರಲ್ಲಿ ಪ್ರಕಟಿಸಿತು. ಆ ಒಂದು ಹೆಚ್ಚುವರಿಯಿಂದ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕೀಲುಗಳು ಸಡಿಲ, ಪಾದ ಚಪ್ಪಟೆ. ನಾವು ಸಲೀಸಾಗಿ ಇಡುವ ಹೆಜ್ಜೆಗೆ ಅವರು ಹೆಚ್ಚು ಬೆಲೆ ತೆರಬೇಕು. ಹೃದಯದ ಕಥೆಯೇ ಬೇರೆ. ಸುಮಾರು ಅರ್ಧದಷ್ಟು ಮಕ್ಕಳು ಹುಟ್ಟುವಾಗಲೇ ಹೃದಯದ ದೋಷ ಹೊತ್ತು ಬರುತ್ತಾರೆ. ಆ ದೋಷ ಇಲ್ಲದವರಲ್ಲೂ ಓಡುವಾಗ ಎದೆಬಡಿತ ನಮ್ಮಷ್ಟು ಏರುವುದಿಲ್ಲ. ಗರಿಷ್ಠ ಬಡಿತ ಅದೇ ವಯಸ್ಸಿನ ಉಳಿದವರಿಗಿಂತ ನಿಮಿಷಕ್ಕೆ 25–30ರಷ್ಟು ಕಡಿಮೆ. 220ರಲ್ಲಿ ವಯಸ್ಸು ಕಳೆಯುವ ಜಿಮ್ಮಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಕೈಗಡಿಯಾರ ನೋಡಿ "ಇನ್ನೂ ಜೋರಾಗಿ ಓಡು, ಕಳ್ಳಾಟ ಆಡಬೇಡ" ಎನ್ನುವ ತರಬೇತುದಾರನಿಗೆ ಇದು ಗೊತ್ತಿರುವುದಿಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಥೈರಾಯ್ಡ್ ಕಡಿಮೆಯಾಗುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವರಲ್ಲಿ ಸಾಮಾನ್ಯ. ಇದ್ದಕ್ಕಿದ್ದಂತೆ 'ಸೋಮಾರಿ'ಯಾದರೆ ಬೈಯುವ ಮೊದಲು ರಕ್ತಪರೀಕ್ಷೆ ಮಾಡಿಸಿ.

ನಡಿಗೆಯೊಂದೇ ಸಾಲದು, ಬಲವೂ ಬೇಕು. ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದವರು ಡೌನ್ ಸಿಂಡ್ರೋಮ್ ಇರುವ ಯುವಜನರಿಗೆ ಫಿಸಿಯೋಥೆರಪಿ ವಿದ್ಯಾರ್ಥಿಗಳನ್ನು ಜೋಡಿ ಮಾಡಿ, ವಾರಕ್ಕೆ ಎರಡು ದಿನದಂತೆ 10 ವಾರ ಸ್ಥಳೀಯ ಜಿಮ್ಮಿಗೆ ಕಳಿಸಿದರು. ಸ್ನಾಯುಬಲ ಹೆಚ್ಚಿತು. ಜೊತೆಗೊಬ್ಬ ಗೆಳೆಯ ಇದ್ದದ್ದೇ ಅರ್ಧ ಔಷಧಿ ಎಂದು ನನ್ನ ಊಹೆ. ನಮ್ಮ ಪಾರ್ಕಿನ ಹುಡುಗ ಬೆಂಚಿನ ಅಂಚಿಗೆ ಕೂತು, ಕೈಯೂರದೆ ಎದ್ದು, ಮತ್ತೆ ಕೂರುತ್ತಾನೆ. ಹತ್ತು ಸಲ. ಅದಕ್ಕೆ ಅವನಿಟ್ಟ ಹೆಸರು 'ಬೆಂಚ್ ಬಸ್ಕಿ'.

ಒಂದು ವಿಷಯದಲ್ಲಿ ಮಾತ್ರ ಹುಷಾರು: ಕತ್ತು. ತಲೆಬುರುಡೆಯ ಕೆಳಗಿನ ಮೊದಲೆರಡು ಮೂಳೆಗಳ ನಡುವಿನ ಕಟ್ಟು ಕೆಲವರಲ್ಲಿ ಸಡಿಲವಿದ್ದು, ಜೋರಾಗಿ ಬಾಗಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಯೋಗ ಒಳ್ಳೆಯದೇ, ಆದರೆ ವೈದ್ಯರನ್ನು ಕೇಳದೆ ಶೀರ್ಷಾಸನ, ಹಲಾಸನ, ಲಾಗ ಬೇಡ. ಕತ್ತುನೋವು, ನಡಿಗೆಯಲ್ಲಿ ತಡವರಿಕೆ, ಕೈಯಿಂದ ವಸ್ತು ಜಾರುವುದು, ಮೂತ್ರ ತಡೆಯಲಾಗದಿರುವುದು ಕಂಡರೆ ವ್ಯಾಯಾಮ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

2020ರ ನವೆಂಬರಿನಲ್ಲಿ ಫ್ಲಾರಿಡಾದ ಕ್ರಿಸ್ ನಿಕಿಕ್, ಡೌನ್ ಸಿಂಡ್ರೋಮ್ ಇರುವವರಲ್ಲಿ ಮೊದಲಿಗನಾಗಿ, ಈಜು, ಸೈಕಲ್, ಓಟ ಮೂರೂ ಇರುವ ಐರನ್‌ಮ್ಯಾನ್ ಸ್ಪರ್ಧೆ ಮುಗಿಸಿದ. ಆಗವನಿಗೆ 21 ವರ್ಷ. ಸಂತೋಷವೇ. ಆದರೆ ನಮ್ಮ ಹುಡುಗರಿಗೆ ಬೇಕಿರುವುದು ಬಸ್ಸಿನ ಮೆಟ್ಟಿಲು ತಾವೇ ಹತ್ತುವಷ್ಟು ಕಾಲುಬಲ.

ಪಾರ್ಕಿನ ಈ ತಾಯಿ ಹತ್ತಿರದ ಜಿಮ್ಮೊಂದಕ್ಕೆ ಹೋಗಿ ಕೇಳಿದ್ದರು. "ಬೇರೆ ಮೆಂಬರ್‌ಗಳಿಗೆ ಸರಿಹೋಗಲ್ಲ ಮೇಡಂ" ಎಂದರಂತೆ. ಜಿಮ್ ನಡೆಸುವವರಲ್ಲಿ ನನ್ನದೊಂದು ಮನವಿ: ವೈದ್ಯರ ಚೀಟಿ ಕೇಳಿ, ಮೊದಲ ತಿಂಗಳು ಹಗುರ ತೂಕ ಕೊಡಿ, ಒಂದೊಂದೇ ವ್ಯಾಯಾಮ ಮಾಡಿ ತೋರಿಸಿ. ಫೀಸು ಮಾತ್ರ ಎಲ್ಲರಷ್ಟೇ ತೆಗೆದುಕೊಳ್ಳಿ.