ಹೊಲದ ಔಷಧವೂ ನಮ್ಮ ನರಗಳೂ



ತೊಗರಿ ಹೂ ಬಿಟ್ಟಾಗ ತಾಂಡೂರು ಕಡೆ, ಹತ್ತಿಗೆ ಹುಳ ಬಿದ್ದಾಗ ನಾರಾಯಣಖೇಡ, ಜಹೀರಾಬಾದ್ ಕಡೆ ಬೆನ್ನಿಗೆ ಪಂಪು ಕಟ್ಟಿಕೊಂಡು ಸಿಂಪಡಿಸುವವರನ್ನು ನಾವೆಲ್ಲ ಕಾಣುತ್ತೇವೆ. ಕನ್ನಡದಲ್ಲಿ ಅದನ್ನು ಔಷಧ ಎನ್ನುತ್ತೇವೆ, ತೆಲುಗಿನಲ್ಲಿ ಮಂದು. ಹೆಸರು ಮದ್ದಿನದು, ಗುಣ ವಿಷದ್ದು. ಮಾನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾದ ರಂಜಕಯುಕ್ತ ಕೀಟನಾಶಕಗಳು ಮೈಯೊಳಗೆ ಏನು ಮಾಡುತ್ತವೆಂದು ಇಂದು ತಿಳಿಯೋಣ.

ನರದ ತುದಿ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಕೈ ಎತ್ತೆಂಬ ಅಪ್ಪಣೆ ಬಂದಾಗ ನರವು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಬಿಡುತ್ತದೆ. ಅದು ಮುಟ್ಟಿದೊಡನೆ ಸ್ನಾಯು ಬಿಗಿಯುತ್ತದೆ. ಕೆಲಸವಾದ ಮೇಲೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು, ಅಲ್ಲಿಯ ಮಾತಿನಲ್ಲೇ ಹೇಳುತ್ತೇನೆ. ಹಣ ಕೊಟ್ಟ ಚೆಕ್ಕಿಗೆ ಕೂಡಲೇ ರದ್ದಿನ ಮುದ್ರೆ ಒತ್ತಬೇಕು. ಇಲ್ಲವಾದರೆ ಅದೇ ಚೆಕ್ಕು ಮತ್ತೆ ಮತ್ತೆ ಕೌಂಟರಿಗೆ ಬಂದೀತು. ಮುದ್ರೆ ಒತ್ತುವವನೇ ಈ ಕಿಣ್ವ. ಕೀಟನಾಶಕ ಅವನ ಕೈಯನ್ನೇ ಕಟ್ಟಿಹಾಕುತ್ತದೆ.

ಆಗ ಅಪ್ಪಣೆ ನಿಲ್ಲುವುದೇ ಇಲ್ಲ. ಸ್ನಾಯುಗಳು ಮೊದಲು ಅದುರುತ್ತವೆ, ಆಮೇಲೆ ಅಪ್ಪಣೆಗೆ ಓಗೊಡುವುದನ್ನೇ ಬಿಡುತ್ತವೆ. ಇದೇ ರಾಸಾಯನಿಕ ಗ್ರಂಥಿಗಳನ್ನೂ ಆಳುವುದರಿಂದ ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ ಆಗುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಉಸಿರಾಟದ ಸ್ನಾಯು ಸೋತರೆ ಪ್ರಾಣಕ್ಕೇ ಕುತ್ತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದಕ್ಕೆ ಬೆರೆತದ್ದು ಇಂಥದೇ ವಿಷ. 17 ಮಂದಿ ತೀರಿಕೊಂಡರು. ಅನೇಕರಿಗೆ ಯಂತ್ರದ ಉಸಿರು ಕೊಡಬೇಕಾಯಿತು.

ಇನ್ನೊಂದು ಮಾತನ್ನು ಗಮನವಿಟ್ಟು ಕೇಳಿ. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಚುಚ್ಚುಮದ್ದು ಜೊಲ್ಲು, ಕಫಗಳನ್ನು ಒಣಗಿಸುತ್ತದೆ, ಆದರೆ ನರ ಸ್ನಾಯುಗಳ ಸಂದಿನ ತೊಂದರೆಯನ್ನು ಸರಿಪಡಿಸದು. ಹೀಗಾಗಿ ರೋಗಿ ಎದ್ದು ಕುಳಿತು ಮಾತಾಡಿದರೂ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಸೋತು ಉಸಿರು ನಿಲ್ಲಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ವಿವರವಾಗಿ ಬರೆದರು. ದಿಂಬಿನಿಂದ ತಲೆ ಎತ್ತಲಾಗದಿದ್ದರೆ ಅದೇ ಮೊದಲ ಸೂಚನೆ. ಆದ್ದರಿಂದ ಹುಷಾರಾದನೆಂದು ಅವಸರಪಟ್ಟು ಮನೆಗೆ ಕರೆತರಬೇಡಿ. ವೈದ್ಯರು ಬಿಡುವ ತನಕ ಇರಿ.

ಈ ವಿಷ ಬಾಯಿಂದಷ್ಟೇ ಅಲ್ಲ, ಚರ್ಮದಿಂದಲೂ ಇಳಿಯುತ್ತದೆ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಕಟ್ಟಿದ ನಳಿಕೆಯನ್ನು ಬಾಯಿಂದ ಊದಬೇಡಿ. ತೋಳು ಮುಚ್ಚುವ ಅಂಗಿ, ಕೈಗವಸು, ಬೂಟು ಇರಲಿ. ಡಬ್ಬಿಯ ಮೇಲೆ ಕೆಂಪು ಗುರುತಿದ್ದರೆ ಅತಿ ಘೋರ ವಿಷವೆಂದು ತಿಳಿಯಿರಿ. ತರಕಾರಿಗೆ ಮಾನೊಕ್ರೊಟೊಫಾಸ್ ಹೊಡೆಯುವುದು 2005ರಿಂದಲೇ ನಿಷಿದ್ಧ.

ಯಾರಿಗಾದರೂ ವಿಷ ತಗುಲಿದರೆ ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೆಯಿರಿ. ತೊಳೆಯುವವರೂ ಕೈಗೆ ಗವಸು ಹಾಕಿಕೊಳ್ಳಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಡಬ್ಬಿಯ ಚೀಟಿಯನ್ನು ಜತೆಗೆ ಒಯ್ಯಿರಿ. ಗಡಿಯ ಆಚೆಗಿರಲಿ ಈಚೆಗಿರಲಿ, ಹತ್ತಿರದ ಆಸ್ಪತ್ರೆಯೇ ನಮ್ಮ ಆಸ್ಪತ್ರೆ.