ಸುಣ್ಣದ ಲೆಕ್ಕ: ರಾಸಾಯನಿಕ ಸಮೀಕರಣ ಕುರಿತ ತಪ್ಪು ಕಲ್ಪನೆಗಳು

ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದೆಂದರೆ, ಕ್ರಿಯೆಗೆ ಒಳಗಾಗುವ ಪ್ರತಿವರ್ತಕಗಳಲ್ಲಿ ಒಂದೊಂದು ಧಾತುವಿನ ಎಷ್ಟೆಷ್ಟು ಪರಮಾಣುಗಳಿವೆಯೋ ಅಷ್ಟಷ್ಟೇ ಪರಮಾಣುಗಳು ಉತ್ಪನ್ನಗಳಲ್ಲಿಯೂ ಇರುವಂತೆ ಬರೆಯುವುದು. ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕ ಆರಂಭವಾಗುವುದೇ ಈ ವಿಷಯದಿಂದ. ಆದರೆ ವ್ಯಾಖ್ಯಾನ ಬಾಯಿಪಾಠವಾದ ಮೇಲೂ ಕೆಲವು ತಪ್ಪು ಕಲ್ಪನೆಗಳು ಹಾಗೆಯೇ ಉಳಿದುಬಿಡುತ್ತವೆ. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದ ಸುತ್ತಿನಲ್ಲಿ ಅವನ್ನು ತಿದ್ದಲು ಪ್ರಯೋಗಶಾಲೆಯೇ ಬೇಕೆಂದಿಲ್ಲ, ಹುಳು ಸಾಕುವ ಮನೆಯ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಸಾಕು.

ಎರಡೂ ಬದಿಯ ಅಣುಗಳ ಸಂಖ್ಯೆ ಸಮವಾಗಿರಬೇಕು ಎಂಬುದು ಮೊದಲ ತಪ್ಪು ಕಲ್ಪನೆ. ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಕಳಚುವ ಮುನ್ನ ಸೊಪ್ಪು ತಿನ್ನುವುದನ್ನು ನಿಲ್ಲಿಸಿದಾಗ, ಹಾಸಿಗೆ ಒಣಗಿರಲೆಂದು ಉದುರಿಸುವ ಸುಣ್ಣದ ಪುಡಿ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿದ್ದು. ಇಲ್ಲಿ ಒಂದು ಪಾಲು ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಒಂದು ಪಾಲು ನೀರು ಸೇರಿ ಒಂದೇ ಪಾಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಎರಡಿದ್ದದ್ದು ಒಂದಾದರೂ ಕ್ಯಾಲ್ಸಿಯಂ ಒಂದು, ಆಕ್ಸಿಜನ್ ಎರಡು, ಹೈಡ್ರೋಜನ್ ಎರಡು ಎಂಬ ಪರಮಾಣುಗಳ ಎಣಿಕೆ ಎರಡೂ ಬದಿಯಲ್ಲಿ ಒಂದೇ ಆಗಿದೆ. ಒಂದಕ್ಕೆ ಒಂದು ಎಂಬುದನ್ನು ತೂಕವೆಂದು ಓದುವುದೂ ತಪ್ಪು. 56 ಗ್ರಾಂ ಸುಟ್ಟ ಸುಣ್ಣ ಹಿಡಿದುಕೊಳ್ಳುವುದು 18 ಗ್ರಾಂ ನೀರನ್ನು ಮಾತ್ರ, ಸಿಗುವುದು 74 ಗ್ರಾಂ ಅರಳಿದ ಸುಣ್ಣ. ಸಮತೂಕವೆಂದು 56 ಗ್ರಾಂ ನೀರು ಸುರಿದರೆ, ಕಾವಿಗೆ ಆವಿಯಾಗುವಷ್ಟನ್ನು ಬಿಟ್ಟು, ಮಿಕ್ಕಿದ್ದು ಸುಣ್ಣವನ್ನು ಬರಿದೇ ಕೆಸರಾಗಿಸುತ್ತದೆ.

ಸುಟ್ಟರೆ ವಸ್ತು ಕಡಿಮೆಯಾಗುತ್ತದೆ ಎಂಬ ನಂಬಿಕೆಗೂ ಸುಣ್ಣವೇ ಉತ್ತರ ಹೇಳುತ್ತದೆ. 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಪೂರ್ತಿ ಸುಟ್ಟರೆ ಗೂಡಿನಲ್ಲಿ ಉಳಿಯುವುದು 56 ಕಿಲೋ. ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಗಳಲ್ಲಿ ತೂಗಿ ತೋರಿಸಿದ್ದು ಇದೇ ರಾಶಿ ಸಂರಕ್ಷಣಾ ನಿಯಮವನ್ನು.

ಇವೆಲ್ಲಕ್ಕಿಂತ ಹೆಚ್ಚು ಅಂಕ ಕಳೆಯುವ ತಪ್ಪು ಬೇರೆಯದು: ಲೆಕ್ಕ ಕೂಡಿಬರುವಂತೆ ಯಾವ ಸಂಖ್ಯೆಯನ್ನಾದರೂ ತಿದ್ದಬಹುದೆಂಬುದು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಬಲಬದಿಗೆ ಒಂದು ಆಕ್ಸಿಜನ್ ಕಡಿಮೆ ಬಿದ್ದಾಗ, ನೀರಿನ ಸೂತ್ರದ ಆಕ್ಸಿಜನ್ ಅಕ್ಷರದ ಅಡಿಯಲ್ಲಿ ಪುಟ್ಟದಾಗಿ ಎರಡು ಎಂದು ಬರೆದರೆ ಲೆಕ್ಕವೇನೋ ಕೂಡುತ್ತದೆ. ಆದರೆ ಅಲ್ಲಿರುವುದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಅಡಿಯ ಸಂಖ್ಯೆ ವಸ್ತು ಯಾವುದೆಂದು ಹೇಳುತ್ತದೆ. ಸೂತ್ರದ ಎಡಕ್ಕೆ ಬರೆಯುವ ಗುಣಾಂಕ ಅದು ಎಷ್ಟಿದೆಯೆಂದು ಹೇಳುತ್ತದೆ. ತಿದ್ದಲು ಅನುಮತಿಯಿರುವುದು ಗುಣಾಂಕಕ್ಕೆ ಮಾತ್ರ: ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು, ಎರಡು ನೀರಿನ ಅಣು.

ಸರಿದೂಗಿದ ಸಮೀಕರಣ ನಿಜವೇ ಆಗಿರಬೇಕೆಂಬ ನಂಬಿಕೆಯನ್ನು ಬಲ್ಲವರೂ ಬಿಡುವುದಿಲ್ಲ. ಅರಳಿದ ಸುಣ್ಣ ಮತ್ತು ಕ್ಲೋರಿನ್ ಒಂದೊಂದು ಪಾಲು ಸೇರಿ ಒಂದು ಪಾಲು ಬ್ಲೀಚಿಂಗ್ ಪುಡಿ, ಒಂದು ಪಾಲು ನೀರು ಆಗುತ್ತದೆ ಎಂದು ಶಾಲೆಯಲ್ಲಿ ಬರೆಯುವ ವಾಡಿಕೆಯಿದೆ, ಪರಮಾಣುಗಳೂ ಸರಿಹೊಂದುತ್ತವೆ. ವಾಸ್ತವದಲ್ಲಿ ಆ ಪುಡಿ ಒಂದೇ ಸಂಯುಕ್ತವಲ್ಲ, ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸುಣ್ಣದ ಬೆರಕೆ. ಎರಡೆರಡು ಪಾಲು ಸುಣ್ಣ ಮತ್ತು ಕ್ಲೋರಿನ್ ಸೇರಿ ಈ ಎರಡು ಲವಣಗಳು ಒಂದೊಂದು ಪಾಲು, ನೀರು ಎರಡು ಪಾಲು ಆಗುತ್ತವೆ ಎಂದು ಬರೆದರೂ ಲೆಕ್ಕ ಅಷ್ಟೇ ಚೊಕ್ಕವಾಗಿ ಕೂಡುತ್ತದೆ. ಎರಡರಲ್ಲಿ ಯಾವುದು ವಸ್ತುಸ್ಥಿತಿಗೆ ಹತ್ತಿರವೆಂದು ತಿಳಿಸುವುದು ಪ್ರಯೋಗವೇ ಹೊರತು ಎಣಿಕೆಯಲ್ಲ.

ಹುಳು ಮನೆಯ ಸೋಂಕು ಕಳೆಯಲು ಶೇ. 0.3ರ ಅರಳಿದ ಸುಣ್ಣದ ನೀರಿನಲ್ಲಿ ಶೇ. 2ರಷ್ಟು ಬ್ಲೀಚಿಂಗ್ ಪುಡಿ ಕಲಸಿ ಸಿಂಪಡಿಸುವ ಶಿಫಾರಸಿದೆ. ಕೆಲಸ ಮಾಡುವುದು ಪುಡಿಯಲ್ಲಿ ಉಳಿದಿರುವ ಕ್ಲೋರಿನ್. ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಅದನ್ನು ದಿನದಿನಕ್ಕೂ ಕಳೆಯುತ್ತವೆ. ಆದ್ದರಿಂದ ಚೀಲವನ್ನು ಗಾಳಿಯಾಡದಂತೆ ಬಿಗಿದು ಕಟ್ಟಿಡಬೇಕು, ದ್ರಾವಣವನ್ನು ಸಿಂಪಡಿಸುವ ಹೊತ್ತಿಗೇ ಕಲಸಬೇಕು.